ಇಬ್ಬರೂ ನಮ್ಮವರೇ ಆದರೆ ಏನು ಬರೆಯಬೇಕು?

‘ನಿಮ್ಮ ಅತಿ ದೊಡ್ಡ ದೌರ್ಬಲ್ಯ ಯಾವುದು?’

ಹೀಗೆ ಕೇಳಿದ್ದು ಹೈದರಾಬಾದಿನ ಒಂದು ದೊಡ್ಡ ಲಾ ಫರ್ಮ್, ಕೆಲಸದ ಅರ್ಜಿಯಲ್ಲಿ. ಕೇಳಿದ್ದು ನನ್ನ ಅಕ್ಕನ ಮಗಳು ಸುಜಾತಾಳನ್ನು. ಉತ್ತರ ಬಂದದ್ದು ಮಾತ್ರ ಅಡುಗೆಮನೆಯಿಂದ, ನಮ್ಮಕ್ಕನ ಬಾಯಲ್ಲಿ. ‘ಮುಂಜಾನಿ ಲಗೂನ ಏಳಂಗಿಲ್ಲ ಅಂತ ಬರಿ. ಎದ್ದರೂ ಹಾಸಿಗಿ ಮಡಚಂಗಿಲ್ಲ, ಅದನ್ನೂ ಬರಿ.’

‘ಯವ್ವಾ, ನೀ ಸುಮ್ಕಿರ್ತಿ ಇಲ್ಲೋ?’ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಸುಜಾತಾ ಅಂದಳು.

ನನ್ನ ಗಲಿಬಿಲಿ ಶುರುವಾದದ್ದು ಅಲ್ಲಿಂದಲೇ. ನಮ್ಮ ಕಡೆ ಹೆಣ್ಣು ನೋಡಲು ಬಂದವರ ಎದುರು ಹುಡುಗಿಯ ಕೆಮ್ಮನ್ನೂ ಮುಚ್ಚಿಡುತ್ತೇವೆ. ಎತ್ತು ಮಾರುವವನು ‘ಇದು ಸ್ವಲ್ಪ ಕುಂಟುತ್ತದೆ’ ಎಂದು ತಾನಾಗಿಯೇ ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ? ಇಲ್ಲಿ ಕೆಲಸ ಕೊಡುವವರೇ ಹುಳುಕು ತೋರಿಸಿ ಅನ್ನುತ್ತಿದ್ದಾರೆ. ತೋರಿಸಿದರೆ ಕೆಲಸ ಹೋದೀತು. ನನಗೆ ಹುಳುಕೇ ಇಲ್ಲ ಅಂದರೆ ಅಹಂಕಾರ ಅಂದಾರು. ಹಾಗಾದರೆ ಬರೆಯುವುದೇನು?

ಖಾಯಂ ಓದುಗರಿಗೆ ಗೊತ್ತು, ನಾನು ಶಹಾಪುರ ಕೋರ್ಟಿನಲ್ಲಿ ವಕೀಲ. ಕಲಬುರಗಿಯಲ್ಲಿ ಕಾನೂನು ಓದಿ ಬಂದ ಸುಜಾತಾ ನನ್ನ ಆಫೀಸಿನಲ್ಲೇ ಜೂನಿಯರ್. ಡ್ರಾಫ್ಟಿಂಗ್ ನನಗಿಂತ ಚೆನ್ನಾಗಿ ಮಾಡುತ್ತಾಳೆ (ಇದನ್ನು ಅವಳಿಗೆ ಹೇಳಬೇಡಿ, ಮೊದಲೇ ನನ್ನ ಮಾತು ಕೇಳುವುದಿಲ್ಲ). ‘ಇಲ್ಲೇನು ಕಡಿಮೆ ಆಗ್ಯಾದ ನಿನಗ?’ ಎಂದು ಒಮ್ಮೆ ಕೇಳಿದ್ದೆ.

‘ಕೋರ್ಟಿನಾಗ ಎಲ್ಲಾರೂ ನನಗ ವಕೀಲರ ಹುಡುಗಿ ಅಂತಾರ. ನಾನೂ ವಕೀಲೇ ಅಲ್ಲೇನ್ರಿ ಮಾಮಾ?’ ಅಂದಳು.

ಮಾತು ನಿಜ. ಆದ್ದರಿಂದ ಸಹಾಯಕ್ಕೆ ನಿಂತೆ. ನನ್ನ ಕಾಲದ ಬಯೋಡೇಟಾದ ಮಾದರಿ ಕೊಟ್ಟೆ. ತಂದೆಯ ಹೆಸರು, ಹುಟ್ಟೂರು, ಎತ್ತರ, ಕೊನೆಗೆ ‘ತಮ್ಮ ವಿಧೇಯ’. ಅವಳು ನಕ್ಕಳು. ಹೈದರಾಬಾದಿನಲ್ಲಿ ನನಗೆ ಪರಿಚಯದವರಿದ್ದಾರೆ, ಒಂದು ಫೋನ್ ಹಾಕಲಾ ಅಂದೆ. ನಮ್ಮ ಜಿಲ್ಲೆಯಲ್ಲಿ ಅರ್ಜಿ ಹಾಕುವುದೆಂದರೆ ಅದೇ ತಾನೆ? ಕಾಗದ ಆಮೇಲೆ, ಮೊದಲು ‘ಯಾರ ಕಡಿಯಿಂದ ಬಂದೀರಿ?’

‘ಫೋನ್ ಮಾಡಿಸಿದ್ರ ಅರ್ಜಿ ರದ್ದು ಅಂತ ಬರದಾರ್ರಿ ಮಾಮಾ. ದಯಮಾಡಿ ಏನೂ ಮಾಡಬ್ಯಾಡ್ರಿ.’

ಏನೂ ಮಾಡದೇ ಇರುವುದು ಸಹಾಯ ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ಅರ್ಜಿ ಹೋಯಿತು. ಕೆಲವು ದಿನಕ್ಕೆ ಅಸೆಸ್‌ಮೆಂಟ್ ಎಂಬ ಪರೀಕ್ಷೆ ಬಂತು. ನನ್ನ ಆಫೀಸಿನಲ್ಲೇ ಕೂತು ತೆರೆದಳು. ಒಂದೇ ಪ್ರಶ್ನೆ, ಸಂಜೆಯೊಳಗೆ ಉತ್ತರ ಕಳಿಸಬೇಕು. ಪ್ರಶ್ನೆಯ ಸಾರ ಇಷ್ಟು: ‘ಇಬ್ಬರು ನೆರೆಯವರ ನಡುವೆ ತಕರಾರು. ಒಬ್ಬರು ನಿಮ್ಮ ಬಳಿ ಬಂದು ತಮ್ಮ ಒಳಗುಟ್ಟೆಲ್ಲ ಹೇಳಿದ್ದಾರೆ. ಮರುದಿನ ಇನ್ನೊಬ್ಬರೂ ನಿಮ್ಮ ಬಳಿಗೇ ಬರುತ್ತಾರೆ. ಇಬ್ಬರಿಗೂ ನಿಮ್ಮ ಮೇಲೆ ನಂಬಿಕೆ. ಏನು ಮಾಡುತ್ತೀರಿ?’

ನಾನು ನಕ್ಕುಬಿಟ್ಟೆ. ಇದೂ ಒಂದು ಪ್ರಶ್ನೆಯೇ? ಇದು ನನ್ನ ದಿನನಿತ್ಯದ ಕಸುಬು!

ಕಾಲುವೆ ಬರುವ ಮುಂಚೆ ನಮ್ಮಲ್ಲಿ ಬದುವಿನ ಜಗಳ, ಹೊಲಕ್ಕೆ ಕುರಿ ನುಗ್ಗಿದ ಜಗಳ ಇದ್ದವು. ಕಾಲುವೆ ಬಂದ ಮೇಲೆ ನೀರಿನ ಪಾಳಿಯ ಜಗಳ. ಮೇಲಿನ ಹೊಲದವನು ತನ್ನ ಪಾಳಿ ಮುಗಿದರೂ ತೂಬು ಮುಚ್ಚುವುದಿಲ್ಲ. ಕೆಳಗಿನವನ ಹತ್ತಿ ಒಣಗುತ್ತದೆ. ಇಬ್ಬರೂ ನನ್ನ ಹತ್ತಿರ ಬರುತ್ತಾರೆ. ಇಬ್ಬರನ್ನೂ ಕೂಡಿಸಿ, ಚಹಾ ತರಿಸಿ, ಇಬ್ಬರಿಗೂ ಬೈದು ರಾಜಿ ಮಾಡಿಸುತ್ತೇನೆ. ರಾಜಿಗೊಂದು ಪದ್ಧತಿಯೂ ಇದೆ. ಮೇಲಿನವನು ತನ್ನ ಕೈಯಾರೆ ತೂಬು ಮುಚ್ಚಬೇಕು, ಕೆಳಗಿನವನು ಅವನನ್ನು ಮನೆಗೆ ಕರೆದು ಊಟಕ್ಕೆ ಹಾಕಬೇಕು. ಉಂಡ ಮೇಲೆ ಜಗಳ ಮುಗಿಯಿತು.

‘ಇದನ್ನ ಬರಿ. ಅವರು ಪುಸ್ತಕದಾಗ ಹುಡುಕಿದ್ರೂ ಸಿಗಂಗಿಲ್ಲ’ ಎಂದೆ, ಸ್ವಲ್ಪ ಜಂಬದಿಂದಲೇ.

ಅವಳು ಬರೆದಳು. ಬರೆದು, ಮತ್ತೊಮ್ಮೆ ಓದಿದಳು. ‘ಮಾಮಾ, ಇದು ತಪ್ಪದ.’

‘ಏನ್ ತಪ್ಪು?’

‘ಒಬ್ಬರ ಗುಟ್ಟು ಕೇಳಿದ ವಕೀಲ ಇನ್ನೊಬ್ಬರ ಗುಟ್ಟು ಕೇಳಬಾರದು. ಎರಡನೆಯವರಿಗೆ ಬಾಗಿಲಾಗೇ ಹೇಳಿ ಬ್ಯಾರೆ ವಕೀಲರ ಕಡಿ ಕಳಿಸಬೇಕು. ನೀವೂ ಓದೀರಲ್ಲ ಇದನ್ನ?’

ಓದಿದ್ದೇನೆ. ಅದು ಓದಿದ್ದು, ಇದು ಮಾಡುವುದು! ಎರಡೂ ಒಂದೇ ಆಗಿದ್ದರೆ ಶಹಾಪುರದಲ್ಲಿ ಯಾವ ವಕೀಲನ ಆಫೀಸು ತೆರೆದಿರುತ್ತಿತ್ತು? ಇಲ್ಲಿ ವಾದಿ ನನ್ನ ಗೆಳೆಯನ ಬೀಗ, ಪ್ರತಿವಾದಿ ನನ್ನ ಮೇಷ್ಟ್ರ ಅಳಿಯ. ಯಾರನ್ನು ಅಂತ ಬಾಗಿಲಲ್ಲಿ ನಿಲ್ಲಿಸುವುದು?

ಹೀಗೆ ವಾದ ನಡೆದಿರುವಾಗಲೇ ಹೊರಗೆ ಬೈಕ್ ನಿಂತ ಸದ್ದು. ಇಳಿದವರು ಹಣಮಂತ ಮತ್ತು ಭೀಮರಾಯ. ಶಿರವಾಳದ ಕಡೆಯವರು. ಮೇಲಿನ ಹೊಲ ಹಣಮಂತನದು, ಕೆಳಗಿನದು ಭೀಮರಾಯನದು. ಪ್ರತಿ ವರ್ಷ ಪಾಳಿಗಾಗಿ ಜಗಳ ಆಡುತ್ತಾರೆ, ಜಗಳ ತೀರಿಸಿಕೊಳ್ಳಲು ಒಂದೇ ಬೈಕಿನಲ್ಲಿ ಬರುತ್ತಾರೆ (ಎರಡು ಬೈಕಿಗೆ ಪೆಟ್ರೋಲ್ ಯಾಕೆ ಸುಡಬೇಕು?). ಹಣಮಂತ ಹಿಂದಿನ ದಿನವೂ ಒಬ್ಬನೇ ಬಂದು ತನ್ನದೆಲ್ಲ ಹೇಳಿ ಹೋಗಿದ್ದ.

ನಾನು ಚಹಾಕ್ಕೆ ಹೇಳುವಷ್ಟರಲ್ಲಿ ಸುಜಾತಾ ಎದ್ದು ನಿಂತಳು. ‘ಭೀಮರಾಯ ಕಾಕಾ, ಈಗ ಏನೂ ಹೇಳಬ್ಯಾಡ್ರಿ. ಹಣಮಂತ ಕಾಕಾ ನಿನ್ನೆ ಬಂದು ಎಲ್ಲಾ ಹೇಳಿ ಹೋಗ್ಯಾರ. ಇನ್ನ ನಿಮ್ಮ ಮಾತೂ ನಾವೇ ಕೇಳಿದ್ರ ನಿಮಗ ಮೋಸ ಆಗ್ತದ. ನೀವ ಬ್ಯಾರೆ ವಕೀಲರ ಕಡಿ ಹೋಗ್ರಿ.’

ಭೀಮರಾಯ ಅವಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. ‘ಯಾಕ್ರಿ ಸಾಹೇಬ್ರ, ನನ್ನಿಂದ ಏನಾರ ತಪ್ಪಾತೇನ್ರಿ?’

ನನಗೆ ನಾಚಿಕೆಯಾಯಿತು. ಮನೆಗೆ ಬಂದವರನ್ನು ಹೊಸ್ತಿಲಿಂದ ವಾಪಸ್ ಕಳಿಸಿದ ಹಾಗೆ. ಅವಳನ್ನು ತಡೆಯೋಣವೆಂದರೆ ಕಾನೂನು ಅವಳ ಕಡೆ ಇತ್ತಲ್ಲ!

ಸಿಟ್ಟು ಬಂದದ್ದು ಹಣಮಂತನಿಗೆ. ‘ಅಂವ ಹ್ವಾದ್ರ ನಾ ಯಾರ ಕೂಡ ರಾಜಿ ಆಗ್ಲೆವ್ವ ತಂಗಿ?’

ಸುರಪುರದಲ್ಲಿ ಒಬ್ಬ ವಕೀಲರಿದ್ದಾರೆ, ಅಲ್ಲಿಗೇ ಹೋಗುತ್ತೇನೆ ಎಂದ ಭೀಮರಾಯ. ಆಗ ಹಣಮಂತ ಏನು ಮಾಡಿದ ಗೊತ್ತೇ? ‘ನಡಿ, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ’ ಎಂದು ಅವನನ್ನು ಬೈಕಿಗೆ ಹತ್ತಿಸಿಕೊಂಡ. ತನ್ನ ಮೇಲೆ ಕೇಸು ಹಾಕಲು ಹೊರಟವನನ್ನು ತಾನೇ ಬಸ್ಸಿಗೆ ಬಿಟ್ಟು ಬಂದ.

ಅವರು ಹೋದ ಮೇಲೆ ನಾನು ಕೂಗಾಡಿದೆ. ಪರೀಕ್ಷೆ ಬರೆಯುವುದು ಕಾಗದದ ಮೇಲೆ, ಮನುಷ್ಯರ ಮೇಲಲ್ಲ ಅಂದೆ. ಇಷ್ಟು ವರ್ಷ ನೀರು ಹರಿದದ್ದು ಕಾನೂನಿನಿಂದಲ್ಲ, ಅನ್ನದಿಂದ ಅಂದೆ. ಇನ್ನೂ ಏನೇನೋ ಅಂದೆ.

ಸುಜಾತಾ ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು. ‘ಪ್ರತಿ ವರ್ಷ ಇದೇ ರಾಜಿರಿ ಮಾಮಾ. ಹಣಮಂತ ಕಾಕಾ ತಮ್ಮ ಭತ್ತಕ್ಕ ನೀರು ತಗೊಂಡು, ಹೊಲ ತುಂಬಿದ ಮ್ಯಾಲ ತೂಬು ಮುಚ್ಚಿ, ಉಂಡು ಹೋಗ್ತಾರ. ನೀರು ಕಳಕೊಂಡಾಂವ ಊಟಾನೂ ಹಾಕಬೇಕೇನ್ರಿ? ನೀವ ಭೀಮರಾಯ ಕಾಕಾಗ ಒಬ್ಬರಿಗೇ ವಕೀಲರಾಗಿದ್ರ ಇದಕ್ಕ ಒಪ್ತಿದ್ರೇನು?’

‘ಊಟಾ ಹಾಕೋದು ಸಂಬಂಧ ಉಳೀಲಿ ಅಂತವ್ವ’ ಎಂದೆ. ಎಂದೆ, ಅಷ್ಟೇ. ನಾನು ಹೇಳಿದ್ದು ನನಗೇ ಅಷ್ಟೊಂದು ಗಟ್ಟಿಯಾಗಿ ಕೇಳಿಸಲಿಲ್ಲ. ಅವಳು ಮೊದಲು ಬರೆದದ್ದನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದು ಕಳಿಸಿದಳು.

ಕೆಲಸ ಸಿಕ್ಕಿತು.

ಅಕ್ಕ ಓಣಿಗೆಲ್ಲ ಪೇಢೆ ಹಂಚಿದಳು. ‘ಲಗೂನ ಏಳಲಾರದಾಕಿನ್ನೂ ತಗೊಂಡಾರ ನೋಡು’ ಎಂದು ಸಂಭ್ರಮಪಟ್ಟಳು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಯಾರ ಫೋನೂ ಇಲ್ಲದೆ, ಯಾರ ಹುಡುಗಿಯೂ ಆಗದೆ ಹೊರಟಿದ್ದಾಳೆ. ಆದರೆ ಪೇಢೆ ಬಾಯಲ್ಲಿರುವಾಗಲೇ ಒಂದು ಯೋಚನೆ ಬಂತು. ನನ್ನ ಉತ್ತರ ಕಳಿಸಿದ್ದರೆ ಅವಳು ಫೇಲಾಗಿ ಇಲ್ಲೇ ಇರುತ್ತಿದ್ದಳು. ಮತ್ತೆ ನಾನು ಯಾವ ಧೈರ್ಯದ ಮೇಲೆ ದಿನಾ ಬಾಗಿಲು ತೆರೆದು ಕೂತಿದ್ದೇನೆ?

ಮೊನ್ನೆ ಭೀಮರಾಯ ಆಫೀಸಿನ ಮುಂದೆ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ಕೂತ. ‘ಹೆದರಬ್ಯಾಡ್ರಿ ಸಾಹೇಬ್ರ, ಕೇಸಿನ ಮಾತು ಆಡಂಗಿಲ್ಲ’ ಎಂದು ನಕ್ಕ.

ಹೊಸ ವಕೀಲರು ಹೇಗಿದ್ದಾರೆ, ಕೇಳಿದೆ.

‘ಚಲೋ ಅದಾರ್ರಿ. ನೀವ ಇಬ್ಬರಿಗೂ ಬೇಕಾದವ್ರು. ಅವ್ರು ನನಗೊಬ್ಬಗೇ ಬೇಕಾದವ್ರು.’ ಮತ್ತೆ ಸೇರಿಸಿದ. ‘ಆದ್ರ ಕೋರ್ಟಿನಾಗ ತಾರೀಖು ಮುಂದ ಹ್ವಾತ್ರಿ. ಹತ್ತಿಗಿ ನೀರು ಈಗ ಬೇಕಾಗಿತ್ತು.’

ಮೊದಲ ಮಾತು ಹೊಗಳಿಕೆಯೋ ಬೈಗುಳವೋ ನನಗೆ ತಿಳಿಯಲಿಲ್ಲ. ಎರಡನೆಯದು ನನ್ನ ಗೆಲುವೋ ಸೋಲೋ ಅದೂ ತಿಳಿಯಲಿಲ್ಲ. ಒಂದು ಗ್ಲಾಸು ಚಹಾ ಕೊಡಬಹುದೋ ಇಲ್ಲವೋ ಎಂದು ಯೋಚಿಸುತ್ತಿರುವಾಗಲೇ ಅವನು ಎದ್ದು ಹೋದ.

ಸುಜಾತಾ ಸೋಮವಾರ ಹೊರಡುತ್ತಾಳೆ. ‘ಹೊಸ ಜೂನಿಯರ್ ತಗೋರಿ ಮಾಮಾ. ಗುರ್ತಿನವರು ಅಂತ ತಗೋಬ್ಯಾಡ್ರಿ, ಪರೀಕ್ಷಾ ಇಟ್ಟು ತಗೋರಿ’ ಎಂದು ತಾಕೀತು ಮಾಡಿದ್ದಾಳೆ. ಸರಿ ಎಂದು ಪೆನ್ನು ಹಿಡಿದು ಕೂತೆ. ಬೇರೆ ಯಾವ ಪ್ರಶ್ನೆಯೂ ಹೊಳೆಯಲಿಲ್ಲ. ‘ಇಬ್ಬರೂ ನಿಮ್ಮನ್ನೇ ನಂಬಿ ಬಂದಿದ್ದಾರೆ. ಏನು ಮಾಡುತ್ತೀರಿ?’

ಪ್ರಶ್ನೆ ರೆಡಿ ಇದೆ, ಅರ್ಜಿಗಳೂ ಬಂದಾವು. ಉತ್ತರ ತಿದ್ದುವ ಕೆಲಸಕ್ಕೆ ನಿಮ್ಮಲ್ಲಿ ಯಾರಾದರೂ ಅರ್ಜಿ ಹಾಕುತ್ತೀರಾ?