ತೂತು ಹಾಕಿದ ಚೀಲ

ರಾಣೆಬೆನ್ನೂರಿನ ನರ್ಸರಿಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ನೀಲಗಿರಿ ಸಸಿಗಳ ಎಲೆಗಳಲ್ಲೆಲ್ಲ ಗಂಟು ಎದ್ದಿದ್ದವು. ಹಾವೇರಿಯ ಅರಣ್ಯ ಇಲಾಖೆಯ ಸಾಹೇಬರಿಗೆ ತೋರಿಸಲು ಒಂದಿಷ್ಟು ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಎಲೆ ಸೆಕೆಗೆ ಕೊಳೆಯಬಾರದೆಂದು ಚೀಲಕ್ಕೆ ಪಿನ್ನಿನಿಂದ ತೂತು ಹಾಕಿದ್ದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ, ಅದು ನನ್ನದೇ ಬುದ್ಧಿ.

ಮೋಟೆಬೆನ್ನೂರು ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಅಗಡಿ ಊರಿನ ಹಿರಿಯರೊಬ್ಬರು ತಮ್ಮ ಬಿಳಿ ಅಂಗಿಯ ತೋಳು ನೋಡಿಕೊಂಡರು.

“ಏನ್ರಿ ಇವು, ಸಾಸಿವಿಗಿಂತ ಸಣ್ಣ ಅದಾವು. ನಿಮ್ಮ ಚೀಲದಾಗಿಂದ ಬರಾಕತ್ತಾವ.”

“ಎಲಿ ಗಂಟಿನೊಳಗ ಹುಟ್ಟೋ ಕಣಜದ ಹುಳರಿ. ನೀಲಗಿರಿ ಎಲಿ ಕೆಡಿಸ್ತಾವ.”

“ಇದಕ್ಕ ಔಷಧ?”

“ನಾವು ಹೊಡದಿದ್ದು ಯಾವುದೂ ನಾಟಿಲ್ಲರಿ.”

ಅವರು ತೋಳನ್ನು ಕಿಟಕಿಯಾಚೆ ಚಾಚಿ ಮೆಲ್ಲಗೆ ಊದಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ನಮ್ಮ ಹೊಲದಾಗ ಎರಡೆಕರೆ ನೀಲಗಿರಿ ಐತ್ರಿ. ಅಲ್ಲೀತನಕ ಹಾರ್ತಾವೇನು?”

“ಅಷ್ಟು ದೂರ ಹಾರೂದಿಲ್ಲರಿ,” ಎಂದೆ. ಹಾರುವ ಅಗತ್ಯವೂ ಇರಲಿಲ್ಲ. ಅವರ ಟೋಪಿಯ ಅಂಚಿನಲ್ಲಿ ಎರಡು ಕೂತಿದ್ದವು. ನಾನು ಕೈ ಎತ್ತಿ ಕೊಡವಬೇಕೋ ಬೇಡವೋ ಎಂದು ಹಿಂಜರಿಯುತ್ತ ಕೂತಿರುವಾಗಲೇ ಹಾವೇರಿ ಬಂತು, ಅವರು ಗದ್ದಲದಲ್ಲಿ ಇಳಿದುಹೋದರು.

ಸಾಹೇಬರು ಚೀಲ ಬಿಚ್ಚಿ, ಎಲೆ ಇಷ್ಟು ತಾಜಾ ತಂದಿದ್ದಕ್ಕೆ ನನ್ನ ಬೆನ್ನು ತಟ್ಟಿದರು.