ಮೇಷ್ಟ್ರು ಎದ್ದರೆ ಸ್ಪೀಕರೂ ಎದ್ದರು

ಶಾಸಕರಾಗಿ ಐದನೇ ಅವಧಿ ಮುಗಿಯುತ್ತಾ ಬಂದಿದ್ದರೂ ಅವರನ್ನು 'ಶಾಸಕರೇ' ಎಂದು ಕರೆದವರಿಲ್ಲ. ಕ್ಯಾಂಟೀನಿನ ಸಪ್ಲೈಯರ್‌ನಿಂದ ಹಿಡಿದು ಮುಖ್ಯಮಂತ್ರಿಯವರೆಗೆ ಎಲ್ಲರಿಗೂ ಅವರು ಮೇಷ್ಟ್ರೇ! ಸದನದಲ್ಲಿ ಮಾತಾಡುತ್ತಾ ಮಾತಾಡುತ್ತಾ ಬೋರ್ಡಿಗಾಗಿ ಹಿಂದಕ್ಕೆ ತಿರುಗುತ್ತಿದ್ದರು. ಅಲ್ಲಿ ಬೋರ್ಡಿಲ್ಲ, ತೂಕಡಿಸುತ್ತಿದ್ದ ಶಾಸಕರಿರುತ್ತಿದ್ದರು, ಅವರೆಲ್ಲ ಬೆಚ್ಚಿಬಿದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಮೇಷ್ಟ್ರು ರಾಜಕೀಯಕ್ಕೆ ಬಂದಿದ್ದೇ ಒಂದು ಸಂಕಟಕ್ಕೆ. ಏಳನೇ ತರಗತಿಯಲ್ಲಿ ಚಕಚಕ ಲೆಕ್ಕ ಬಿಡಿಸುತ್ತಿದ್ದ ಹುಡುಗಿಯರು ಮರುವರ್ಷ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊರುತ್ತಿದ್ದರು. ಊರಿನ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಹೈಸ್ಕೂಲು ಹೆದ್ದಾರಿಯಾಚೆ, ಬಲು ದೂರ. ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆದ ಮೇಲೆ ಮೇಷ್ಟ್ರು ರಾಜೀನಾಮೆ ಬಿಸಾಕಿ ತಾವೇ ಚುನಾವಣೆಗೆ ನಿಂತುಬಿಟ್ಟರು. ಗೆದ್ದೂಬಿಟ್ಟರು! ಊರಿಗೆ ನಲ್ಲಿ ಬಂತು, ಬೀದಿ ದೀಪ ಬಂತು, ಸೋರುತ್ತಿದ್ದ ಆಸ್ಪತ್ರೆಗೆ ತಾರಸಿ ಬಂತು. ಹೈಸ್ಕೂಲಿಗೆ ಮಾತ್ರ ಪ್ರತಿ ಸಲವೂ ಒಂದೇ ಉತ್ತರ: 'ಪರಿಶೀಲನೆಯಲ್ಲಿದೆ.'

ವಯಸ್ಸಾಗಿ ಈಗ ಮಂಡಿ ಮಾತು ಕೇಳುತ್ತಿರಲಿಲ್ಲ. ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದರು.

"ಬನ್ನಿ, ಬೇಡ ಅಂದೋರ್ಯಾರು? ಆದ್ರೆ ಹೈಸ್ಕೂಲು ತಗೊಂಡೇ ಬನ್ನಿ. ಇಲ್ಲಾಂದ್ರೆ ಬೆಳಗಾದ್ರೆ ಅದೇ ಗೋಳು ಕೇಳೋಕೆ ನನ್ನ ಕೈಲಾಗಲ್ಲ," ಎಂದಿದ್ದರು ಆಕೆ.

ಕೊನೆಯ ಅಧಿವೇಶನದ ಕೊನೆಯ ದಿನ ಆಕೆಯೂ ಬಂದು ಗ್ಯಾಲರಿಯಲ್ಲಿ ಕೂತಿದ್ದರು. ಊಟದ ಬೆಲ್ಲಿನೊಳಗೆ ಮೇಷ್ಟ್ರು ಎದ್ದು ನಿಂತು ಹೈಸ್ಕೂಲು ಬೇಕೆನ್ನುವ ತಮ್ಮ ನಿರ್ಣಯ ಮಂಡಿಸಬೇಕು. ಇಲ್ಲದಿದ್ದರೆ ಅದು ಅಲ್ಲಿಗೇ ಬಿದ್ದುಹೋಗುತ್ತದೆ.

ಹೊಸದಾಗಿ ಆಯ್ಕೆಯಾಗಿದ್ದ ಸ್ಪೀಕರ್ ಗಂಭೀರವಾಗಿ ಕರೆದರು. ಮೇಷ್ಟ್ರು ಎದ್ದರು. ತಕ್ಷಣ ಸ್ಪೀಕರ್ ಕೂಡ ಧಡಕ್ಕನೆ ಎದ್ದು, ಕೈಕಟ್ಟಿ ನಿಂತರು!

ಸ್ಪೀಕರ್ ಎದ್ದರೆ ಸದನದಲ್ಲಿ ಉಳಿದವರೆಲ್ಲ ಕೂರಬೇಕು, ಅದು ನಿಯಮ. ಮೇಷ್ಟ್ರು ಕೂತರು. ಸ್ಪೀಕರೂ ಕೂತು ಬೆವರೊರೆಸಿಕೊಂಡು ಮತ್ತೆ ಕರೆದರು. ಮೇಷ್ಟ್ರು ಎದ್ದರು. ಸ್ಪೀಕರೂ ಎದ್ದರು!

"ಏನ್ ಸಾರ್ ಇದು, ಏತ ಹೊಡೀತಿದ್ದೀರಾ ಇಬ್ರೂ?" ಎಂದು ವಿರೋಧ ಪಕ್ಷದ ಬೆಂಚಿನಿಂದ ಯಾರೋ ಕೂಗಿದರು.

ಸ್ಪೀಕರ್ ಮುಖ ಕೆಂಪಾಯಿತು. "ಕ್ಷಮಿಸಿ, ಅವ್ರು ನಮ್ ಮೇಷ್ಟ್ರು. ಅವ್ರು ನಿಂತಿದ್ರೆ ನಾನು ಹೇಗ್ರೀ ಕೂರ್ಲಿ? ಕಾಲು ತಾನಾಗೇ ಎದ್ಬಿಡುತ್ತೆ!"

ಮೇಷ್ಟ್ರಿಗೆ ಗಡಿಯಾರದ ಮೇಲೇ ಕಣ್ಣು. ಮುಳ್ಳು ಊಟದ ಹೊತ್ತಿಗೆ ಅಂಟಿಕೊಂಡೇ ಬಿಟ್ಟಿತ್ತು. ಇಷ್ಟು ವರ್ಷ ಕಾದ ಹೈಸ್ಕೂಲು ಒಬ್ಬ ಶಿಷ್ಯನ ಮರ್ಯಾದೆಯಲ್ಲಿ ಮುಳುಗಿಹೋಗುವುದೇ? ಗ್ಯಾಲರಿಯತ್ತ ನೋಡಿದರು. ಹೆಂಡತಿ ಕಣ್ಣಲ್ಲೇ ಗದರಿದರು: ಏನ್ರೀ ನೋಡ್ತಿದ್ದೀರಿ, ಹೇಳ್ರೀ!

ಮೇಷ್ಟ್ರು ಮೂರನೇ ಸಲ ಎದ್ದರು. ಸ್ಪೀಕರ್ ಎದ್ದರು. ಈ ಸಲ ಮೇಷ್ಟ್ರು ಕೂರಲಿಲ್ಲ. ಹಳೇ ತರಗತಿಯ ಗಂಟಲಲ್ಲಿ ಒಂದೇ ಕೂಗು:

"ಕೂತ್ಕೊಳ್ಳೋ, ಗೊಣ್ಣೆ!"

ಸ್ಪೀಕರ್‌ಗೆ ಏಕವಚನ! ಅದೂ ಮೂಗು ಸುರಿಸುತ್ತಿದ್ದ ಕಾಲದ ಅಡ್ಡಹೆಸರು! ಮಾರ್ಷಲ್ ಎರಡು ಹೆಜ್ಜೆ ಮುಂದೆ ಬಂದು, ಏನು ಮಾಡಬೇಕೋ ತಿಳಿಯದೆ ಅಲ್ಲೇ ನಿಂತ.

ಸ್ಪೀಕರ್ ಮಾತ್ರ ಬೈಸಿಕೊಂಡ ಹುಡುಗನ ಹಾಗೆ ತೊಪ್ಪನೆ ಕೂತು, "ಸರಿ ಸಾರ್," ಎಂದರು. ಆಮೇಲೆ ನಗು ನೋಡಿ! ಮಂತ್ರಿಗಳು ಮೇಜು ಕುಟ್ಟಿದರು, ವರದಿಗಾರರು ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡರು.

ಆ ನಗುವಿನ ನಡುವೆಯೇ ಮೇಷ್ಟ್ರು ನಿರ್ಣಯ ಓದಿದರು. ಶಿಕ್ಷಣ ಮಂತ್ರಿ ಕಣ್ಣೊರೆಸಿಕೊಳ್ಳುತ್ತಾ, "ಪರಿಶೀಲನೆ ಸಾಕು ಮೇಷ್ಟ್ರೇ. ಕೊಟ್ಟೆ. ಬೈಸ್ಕೊಳ್ಳೋಕೆ ನಾನ್ ತಯಾರಿಲ್ಲ," ಎಂದರು.

"ಒಪ್ಪುವವರು ಹೌದು ಎನ್ನಿ," ಎಂದರು ಸ್ಪೀಕರ್.

ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನದೆ ಇಡೀ ಸದನ ಒಂದೇ ರಾಗದಲ್ಲಿ ಎಳೆಯಿತು: "ಹೌ...ದು ಸಾ...ರ್!"

ಎಲ್ಲಕ್ಕಿಂತ ಜೋರಾಗಿ ಕೇಳಿದ್ದು ಸ್ಪೀಕರ್ ದನಿ. ಸ್ಪೀಕರ್ ಆದವರು ಮತ ಹಾಕಬಾರದೆಂಬುದು ನೆನಪಾಗಿ ಅವರು ನಾಲಿಗೆ ಕಚ್ಚಿಕೊಂಡರು.

"ನಂದೊಂದು 'ಹೌದು' ಕಡತದಿಂದ ತೆಗೀರಿ," ಎಂದರು. "ಆ ಗೊಣ್ಣೆ ಮಾತ್ರ ಇರ್ಲಿ."