ಬಣ್ಣದಪ್ಪನ ನಕ್ಷೆಯಲ್ಲಿ ನೀರು

ಬಣ್ಣದಪ್ಪ ಏನು ಕೆಲಸ ಮಾಡುತ್ತಾನೆ ಎಂಬುದು ಅವನ ಮನೆಯವರಿಗೆ ಇವತ್ತಿಗೂ ಬಗೆಹರಿದಿಲ್ಲ. ತನಗಾದರೂ ಬಗೆಹರಿದಿದೆ ಎಂದು ಎದೆ ತಟ್ಟಿ ಹೇಳುವ ಧೈರ್ಯ ಅವನಿಗೂ ಇಲ್ಲ. ಮೊದಲು ಅರ್ಥಶಾಸ್ತ್ರ ಓದಿದ. ಓದಿ ಹೊರಗೆ ಬಂದರೆ ಬಾ ಎನ್ನುವವರೇ ಇರಲಿಲ್ಲ. ಮತ್ತೆ ಒಳಗೆ ಹೋಗಿ ಮಾಹಿತಿ ವ್ಯವಸ್ಥೆ ಎಂಬ ಇನ್ನೊಂದು ಪದವಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಎರಡು ಓದು ಸೇರಿದರೆ ಮರ್ಯಾದೆಯೂ ಎರಡು ಪಾಲು ಎಂಬುದು ಅವನ ಅಂದಾಜು. ಅರ್ಥಶಾಸ್ತ್ರದವರ ನಡುವೆ ಅವನು ಪ್ರಿಂಟರ್ ಕೆಟ್ಟಾಗ ನೆನಪಾಗುವ ಮನುಷ್ಯನಾದ. ಕಂಪ್ಯೂಟರಿನವರ ನಡುವೆ ಬಾಯಿಬಡುಕ ಅರ್ಥಶಾಸ್ತ್ರಜ್ಞನಾದ. ಕೊನೆಗೆ ಅವನಿಗೆ ಕುರ್ಚಿ ಕೊಟ್ಟದ್ದು ದೂರದ ಶ್ರೀಮಂತ ದೇಶಗಳ ದಾನದಿಂದ ನಡೆಯುವ ಒಂದು ಅಭಿವೃದ್ಧಿ ಸಂಸ್ಥೆ. ಅಲ್ಲಿ ಅವನು ಹೇಳಿದ್ದು ಅರ್ಧ ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಉಳಿದ ಅರ್ಧ ಜನ, ಇನ್ನರ್ಧಕ್ಕೆ ಅರ್ಥವಾಗಿರಬೇಕು ಎಂದುಕೊಂಡು ತಲೆಯಾಡಿಸುತ್ತಿದ್ದರು. ಹೀಗಾಗಿ ಕೆಲಸ ಸುಗಮವಾಗಿತ್ತು.

ಅವನು ಇದ್ದದ್ದು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಭಾವನದು ಬೀದಿ ಮೂಲೆಯಲ್ಲಿ ಕ್ಷೌರದಂಗಡಿ. ಗಿರಾಕಿಗಳು ಕೇಳಿದರೆ ಭಾವ ಕತ್ತರಿ ನಿಲ್ಲಿಸದೆ, "ನಮ್ಮ ಭಾಮೈದನಾ? ಬಡತನದ ಕಂಪ್ಯೂಟರ್ ರಿಪೇರಿ ಮಾಡ್ತಾನೆ" ಎನ್ನುತ್ತಿದ್ದ. ಇದಕ್ಕಿಂತ ಚೆನ್ನಾದ ವಿವರಣೆ ಬಣ್ಣದಪ್ಪನ ಕೈಲೂ ಆಗಿರಲಿಲ್ಲ.

ಬಣ್ಣದಪ್ಪ ಎಂಬುದು ಆಫೀಸಿನವರು ಇಟ್ಟ ಹೆಸರು. ಊರಂಚಿನ ಬಡಾವಣೆಗಳಲ್ಲಿ ಸಂಸ್ಥೆ ಕೈಪಂಪುಗಳನ್ನು ಹಾಕಿಸಿತ್ತು. ಪ್ರತಿ ಪಂಪಿನ ಹಿಡಿಯ ಮೇಲೂ ಒಂದು ಸಂಖ್ಯೆ. ಪಂಪು ಕೆಟ್ಟರೆ ಜನ ಫೋನ್ ಮಾಡಿ ಆ ಸಂಖ್ಯೆ ಒತ್ತಬೇಕು. ಒತ್ತಿದೊಡನೆ ಆಫೀಸಿನ ಗೋಡೆಯ ದೊಡ್ಡ ಪರದೆಯಲ್ಲಿ, ಊರಿನ ನಕ್ಷೆಯ ಮೇಲೆ, ಆ ಪಂಪಿನ ಚುಕ್ಕಿ ಕೆಂಪಾಗುತ್ತದೆ. ಮೆಕ್ಯಾನಿಕ್‌ಗೆ ಆರ್ಡರ್ ಹೋಗುತ್ತದೆ. ಈ ನಕ್ಷೆ ಬಣ್ಣದಪ್ಪನ ಸೃಷ್ಟಿ. ಪರದೆಯ ಪಕ್ಕದಲ್ಲಿ ತಲೆಕೆಳಗಾಗಿ ನಿಲ್ಲಿಸಿದ ಕುಡಿಯುವ ನೀರಿನ ದೊಡ್ಡ ಕ್ಯಾನು ಆಗಾಗ ಗುಳುಗುಳು ಎಂದು ಯೋಜನೆಗೆ ತನ್ನ ಬೆಂಬಲ ಸೂಚಿಸುತ್ತಿತ್ತು.

ಮೊದಲು ನಕ್ಷೆಯಲ್ಲಿ ಮೂರು ಬಣ್ಣಗಳಿದ್ದವು. ಸರಿಯಿದೆ ಎಂದು ಸುದ್ದಿ ಬಂದರೆ ಹಸಿರು, ಕೆಟ್ಟಿದೆ ಎಂದರೆ ಕೆಂಪು, ಯಾವ ಸುದ್ದಿಯೂ ಇಲ್ಲದಿದ್ದರೆ ಬೂದು. ಪಂಪು ಸರಿಯಿದೆ ಎಂದು ಕೆಲಸ ಬಿಟ್ಟು ಫೋನ್ ಮಾಡುವವರು ಯಾರು? ಊರಿಗೆ ಊರೇ ಆನೆಯ ಬೆನ್ನಿನಂತೆ ಬೂದು ಹೊದ್ದು ಮಲಗಿತು. ಯೋಜನೆಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಪರದೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನ್ರೀ ಇದು, ಊರಿಗೆ ಬೆಂಕಿ ಬಿದ್ದು ಆರಿದ ಹಾಗಿದೆ?"

"ಅಲ್ಲೆಲ್ಲಾ ಮಾಹಿತಿ ಇಲ್ಲ ಮೇಡಂ."

"ಮಾಹಿತಿ ಇಲ್ಲ ಅಂದ್ರೆ ದೂರಿಲ್ಲ. ದೂರಿಲ್ಲ ಅಂದ್ರೆ?"

ಮೇಡಂ ಅಷ್ಟಕ್ಕೇ ನಿಲ್ಲಿಸಿದರು. ವಾಕ್ಯ ಪೂರ್ತಿ ಮಾಡುವುದು ಕೈಕೆಳಗಿನವರ ಕೆಲಸ. ಬಣ್ಣದಪ್ಪನ ಒಳಗಿದ್ದ ಅರ್ಥಶಾಸ್ತ್ರಜ್ಞ ತಟ್ಟನೆ ಎದ್ದು ಕೂತ. ಫೋನ್ ಮಾಡುವುದು ಪುಕ್ಕಟೆ. ಪುಕ್ಕಟೆ ಇದ್ದರೂ ಜನ ದೂರುತ್ತಿಲ್ಲ ಎಂದರೆ ಅವರು ತೃಪ್ತಿಯನ್ನು ಮೌನದ ಮೂಲಕ ಪ್ರಕಟಿಸುತ್ತಿದ್ದಾರೆ ಎಂದು ಆತ ಪುಟಗಟ್ಟಲೆ ಬರೆದುಕೊಟ್ಟ. ಒಳಗಿದ್ದ ಕಂಪ್ಯೂಟರಿನವನು ಇನ್ನೂ ಚುರುಕು. ಖಾಲಿ ಕಂಡಲ್ಲಿ ಹಸಿರು ಹಾಕು ಎಂದು ಒಂದೇ ಒಂದು ಸಾಲು ಬರೆದ. ಟೀ ಆರುವಷ್ಟರಲ್ಲಿ ಊರು ಚಿಗುರಿತು. ಮೇಡಂ ಚಪ್ಪಾಳೆ ತಟ್ಟಿದರು. ದಾನಿಗಳ ದೇಶದ ಸಭೆಯೊಂದರಲ್ಲಿ ಆ ನಕ್ಷೆಯ ಮುಂದೆ ಕೋಟು ತೊಟ್ಟವರು ಮೌನವಾಗಿ ನಿಂತರಂತೆ. ಮೌನವೆಂದರೆ ತೃಪ್ತಿ ಎಂದು ಬಣ್ಣದಪ್ಪ ಅದನ್ನೂ ಲೆಕ್ಕಕ್ಕೆ ಹಿಡಿದ.

ಇದೆಲ್ಲ ಚೆನ್ನಾಗಿತ್ತು, ಒಂದು ವಿಷಯ ಬಿಟ್ಟು. ಅಕ್ಕನ ಬೀದಿಯ ಪಂಪಿನಲ್ಲಿ ನೀರು ಬರುತ್ತಿರಲಿಲ್ಲ.

ಹಿಡಿಯ ಬೋಲ್ಟು ಮುರಿದಾಗ, ಆ ದಾರಿಯಲ್ಲಿ ಹೊರಟಿದ್ದ ಮೆಕ್ಯಾನಿಕ್ ಬೆಸುಗೆ ಹಾಕಿಸಿ ತರುತ್ತೇನೆಂದು ಹಿಡಿಯನ್ನು ಬಿಚ್ಚಿ ಒಯ್ದಿದ್ದ. ಅಷ್ಟರಲ್ಲಿ ಬಣ್ಣದಪ್ಪನ ವ್ಯವಸ್ಥೆ ಜಾರಿಗೆ ಬಂತು: ಕೆಂಪು ಕಾಣದೆ ಆರ್ಡರ್ ಇಲ್ಲ, ಆರ್ಡರ್ ಇಲ್ಲದೆ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವಂತಿಲ್ಲ. ಬೀದಿಯವರು ಫೋನ್ ಮಾಡಿದರು. ಜೇನಿನಂಥ ದನಿಯೊಂದು, "ದಯವಿಟ್ಟು ಹಿಡಿಯ ಮೇಲಿರುವ ಸಂಖ್ಯೆಯನ್ನು ಒತ್ತಿ" ಎಂದಿತು. ಹಿಡಿ ಮೆಕ್ಯಾನಿಕ್‌ನ ಶೆಡ್ಡಿನಲ್ಲಿತ್ತು. ಒಂದಷ್ಟು ಸಲ ಜೇನು ಕೇಳಿ ಬೀದಿ ಸುಮ್ಮನಾಯಿತು. ಸುಮ್ಮನಾದ ಬೀದಿ ಹಸಿರಾಯಿತು.

ಅಕ್ಕನಿಗೆ ಇದು ತಮಾಷೆಯಾಗಿರಲಿಲ್ಲ. ಹತ್ತಿರದ ಹಾಸ್ಟೆಲಿನ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದು ಅವಳ ಕಸುಬು. ಈಗ ದಿಬ್ಬದಾಚೆಯ ನಲ್ಲಿಯಿಂದ ನೀರು ಹೊರಬೇಕು. ಬಟ್ಟೆ ತಡವಾಗುತ್ತಿತ್ತು. ಈ ತಿಂಗಳೂ ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹಾಸ್ಟೆಲ್ ವಾರ್ಡನ್ ಹೇಳಿಯಾಗಿತ್ತು. ಅಕ್ಕನ ಜೊತೆ ಬೆಳಿಗ್ಗೆ ಎರಡೂ ಕೈಯಲ್ಲಿ ಕ್ಯಾನು ಹಿಡಿದು ದಿಬ್ಬ ಹತ್ತಿಳಿಯುತ್ತಿದ್ದವನು ಬಣ್ಣದಪ್ಪನೇ. ನೀರು ತಂದು, ಅರ್ಧ ಬಕೆಟ್ಟಿನಲ್ಲಿ ಸ್ನಾನದ ಶಾಸ್ತ್ರ ಮುಗಿಸಿ, ಆಫೀಸಿಗೆ ಹೋಗಿ, ತನ್ನ ಬೀದಿ ಹಸಿರಿರುವುದನ್ನು ನೋಡಿ, ವರದಿಗೆ ಸಹಿ ಹಾಕುತ್ತಿದ್ದ. ಒಂದು ಬೀದಿಯ ಕತೆ ಅಂಕಿ ಅಂಶವಾಗುವುದಿಲ್ಲ ಎಂದು ಅರ್ಥಶಾಸ್ತ್ರ ಅವನಿಗೆ ಕಲಿಸಿತ್ತು. ಆ ಬೀದಿಯಲ್ಲಿ ತಾನೇ ಕ್ಯಾನು ಹೊರುತ್ತಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

"ಲೋ, ಆ ಪಂಪಿನ ನಂಬರ್ ನಿಂಗೆ ಗೊತ್ತಿಲ್ವೇನೋ?" ಒಂದು ದಿನ ಅಕ್ಕ ಕೇಳಿದಳು.

"ಗೊತ್ತಕ್ಕಾ."

"ಮತ್ತೆ ಹೇಳು, ಒತ್ತಾಕ್ತೀನಿ."

"ಹೇಳೋ ಹಾಗಿಲ್ಲ. ಯೋಜನೆಯೋರು, ಅವರ ಮನೆಯೋರು ದೂರಿನಲ್ಲಿ ಕೈ ಹಾಕಬಾರದು ಅಂತ ನಿಯಮ ಇದೆ. ಹಾಕಿದ್ರೆ ಅಂಕಿ ಕಲುಷಿತ ಆಗುತ್ತೆ."

"ಯಾವ ಪುಣ್ಯಾತ್ಮ ಮಾಡಿದ್ದೋ ಆ ನಿಯಮ?"

ಬಣ್ಣದಪ್ಪ ಚಪ್ಪಲಿ ಹುಡುಕತೊಡಗಿದ.

"ನೀರು ಕಲುಷಿತ ಆಗೋ ಭಯ ಇಲ್ಲ ಬಿಡು," ಎಂದ ಭಾವ ಒಳಗಿನಿಂದ, "ಇದ್ರೆ ತಾನೇ."

ಹೀಗಿರುವಾಗ ದಾನಿಗಳ ಪ್ರತಿನಿಧಿಯೊಬ್ಬರು ಬರುವ ಸುದ್ದಿ ಬಂತು. ಯೋಜನೆ ಮುಂದುವರಿಯಬೇಕೋ ಬೇಡವೋ ಎಂದು ಅವರು ನೋಡಿ ಹೇಳಬೇಕು. ಯೋಜನೆ ನಿಂತರೆ ಬಣ್ಣದಪ್ಪನ ಕುರ್ಚಿಯೂ ನಿಂತಂತೆ. ಅತಿಥಿಗಳಿಗೆ ತೋರಿಸಲು, ಎಂದೂ ಕೆಂಪಾಗದ ಪಂಪೊಂದನ್ನು ಹುಡುಕಿ ಎಂದು ಮೇಡಂ ಹೇಳಿದರು. ಬಣ್ಣದಪ್ಪ ಗುಂಡಿ ಒತ್ತಿದ. ಕಂಪ್ಯೂಟರ್ ಸ್ವಲ್ಪವೂ ನಾಚದೆ ಅಕ್ಕನ ಬೀದಿಯನ್ನು ತೋರಿಸಿತು.

"ಅಚ್ಚ ಹಸಿರು!" ಮೇಡಂ ಮುಖ ಅರಳಿತು. "ಇಲ್ಲಿಗೇ ಕರ್ಕೊಂಡು ಹೋಗೋಣ. ಯಾಕ್ರೀ, ಮುಖ ಸಪ್ಪಗಾಯ್ತು?"

"ಏನಿಲ್ಲ ಮೇಡಂ. ಅದಕ್ಕೆ ಮೊದಲು ಆ ಪಂಪನ್ನ ಒಂದ್ಸಲ ಮೆಕ್ಯಾನಿಕ್ ಕೈಲಿ ನೋಡಿಸಿದ್ರೆ…"

"ಹಸಿರು ಪಂಪಿಗೆ ರಿಪೇರಿನಾ? ತಪಾಸಣೆಯೋರು ಯಾಕೆ ಅಂತ ಕೇಳಿದ್ರೆ ನಾನೇನು ಹೇಳ್ಲಿ? ನೀವೇ ಮಾಡಿದ ನಿಯಮ ಅಲ್ವೇನ್ರೀ?"

ನಿಜ. ಅದೂ ಅವನದೇ.

ಸಂಜೆ ವಿಷಯ ತಿಳಿದ ಅಕ್ಕ ಗಾಬರಿಯಾಗಲಿಲ್ಲ. ಒಗೆದ ಅಂಗಿಯನ್ನು ಝಾಡಿಸಿ ಹಗ್ಗಕ್ಕೆ ಹಾಕುತ್ತ, "ನಾಳೆ ತಾನೇ? ಬರಲಿ ಬಿಡು. ಕುರ್ಚಿ ಹಾಕ್ತೀನಿ. ಕುಡಿಯೋಕೆ ನೀರು ಕೇಳಿದ್ರೆ ನಿನ್ನ ಹಸಿರು ತೋರಿಸ್ತೀನಿ" ಎಂದಳು. ಆಮೇಲೆ ದನಿ ತಗ್ಗಿಸಿ, "ವಾರ್ಡನಮ್ಮ ಬೇರೆ ಒಬ್ಬಳನ್ನ ನೋಡಿಟ್ಟಿದ್ದಾಳಂತೆ ಕಣೋ" ಎಂದಳು. ನೀರು ಹೊತ್ತು ಹೊತ್ತು ಅವಳ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಮೇಲಿನ ಹಗ್ಗಕ್ಕೆ ಉಳಿದ ಅಂಗಿಗಳನ್ನು ಬಣ್ಣದಪ್ಪನೇ ಹಾಕಿದ.

ಮರುದಿನ ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದ. ಶೌರ್ಯವೇನೂ ಅವನನ್ನು ಎಳೆದೊಯ್ಯಲಿಲ್ಲ. ಅತಿಥಿಗಳು ಅಕ್ಕನ ಬೀದಿಗೆ ಬಂದರೆ, ಅಕ್ಕ ಎಲ್ಲರೆದುರು "ಲೋ" ಎಂದರೆ, ಆಗುವ ಅವಮಾನವನ್ನು ರಾತ್ರಿಯೆಲ್ಲ ಲೆಕ್ಕ ಹಾಕಿದ್ದ. ಚುಕ್ಕಿ ಕೆಂಪು ಮಾಡಿದರೆ ನಿಯಮ ಮುರಿದಂತೆ. ಹಸಿರೇ ಬಿಟ್ಟರೆ ಅಕ್ಕನ ಕಸುಬು ಮುರಿದಂತೆ. ಉಳಿದದ್ದು ಒಂದೇ. ತಾನು ಬರೆದ ಆ ಒಂದು ಸಾಲನ್ನು ಹುಡುಕಿ ಅಳಿಸಿದ. ಊರು ಮತ್ತೆ ಆನೆಯ ಬೆನ್ನಾಯಿತು. ಕ್ಯಾನು ಗುಳುಗುಳು ಎಂದಿತು.

ಅತಿಥಿಗಳು ಬಂದರು. ಎತ್ತರದ, ಸಂಕೋಚದ ಮನುಷ್ಯ. ಮೇಡಂ ಅಭ್ಯಾಸಬಲದಿಂದ ಪರದೆಗೆ ಬೆನ್ನು ಮಾಡಿ ನಿಂತು, "ಈಗ ನೀವು ನೋಡುತ್ತಿರುವುದು ನಮ್ಮ ಹಸಿರು ಕ್ರಾಂತಿ" ಎಂದರು. ಅತಿಥಿಗಳು ಪರದೆಯನ್ನು ನೋಡಿದರು, ಆಮೇಲೆ ಮೇಡಂ ಮುಖವನ್ನು, ಮತ್ತೆ ಪರದೆಯನ್ನು. ಮೇಡಂ ತಿರುಗಿದರು.

"ಇದು ಯಾವ ಬಣ್ಣ?" ಎಂದರು ಅತಿಥಿಗಳು.

ಮೇಡಂ ದೃಷ್ಟಿ ಬಣ್ಣದಪ್ಪನ ಮೇಲೆ ಬಿತ್ತು. ಆ ದೃಷ್ಟಿಯ ಬಿಸಿಯಲ್ಲಿ ಚಪಾತಿ ಬೇಯಿಸಬಹುದಿತ್ತು.

"ಅಲ್ಲೆಲ್ಲಾ ಏನಾಗಿದೆ ಅಂತ ನಮಗೆ ಗೊತ್ತಿಲ್ಲ ಸರ್," ಎಂದ ಬಣ್ಣದಪ್ಪ. ದನಿ ಅವನದಲ್ಲ ಎನ್ನುವಷ್ಟು ಸಣ್ಣಗಿತ್ತು.

ಅತಿಥಿಗಳು ಪರದೆಯ ಹತ್ತಿರ ಹೋದರು. ತಾನು ಇಷ್ಟೊಂದು ದೇಶ ಸುತ್ತಿದ್ದೇನೆ, ಗೊತ್ತಿಲ್ಲ ಎಂದು ಒಪ್ಪಿಕೊಂಡ ನಕ್ಷೆಯನ್ನು ಇದೇ ಮೊದಲು ನೋಡುತ್ತಿರುವುದು ಎಂದರು. ಅವರ ಕಣ್ಣು ತುಂಬಿ ಬಂದಂತಿತ್ತು. ಮೇಡಂ ಉಸಿರು ಎಳೆದುಕೊಳ್ಳುವಷ್ಟರಲ್ಲಿ ದಾರಿ ಬದಲಿಸಿಯಾಗಿತ್ತು: "ಹೌದು ಸರ್, ಪ್ರಾಮಾಣಿಕತೆಯೇ ನಮ್ಮ ಹೊಸ ವಿಧಾನ. ತಿಂಗಳುಗಟ್ಟಲೆ ಕೂತು ರೂಪಿಸಿದ್ದು."

ಅಂದು ಸಂಜೆಯೊಳಗೆ ಹೊಸ ಯೋಜನೆ ಹುಟ್ಟಿತು: ಬೂದು ನಿವಾರಣೆ. ಬಣ್ಣದಪ್ಪನ ಕುರ್ಚಿ ಉಳಿಯಿತಷ್ಟೇ ಅಲ್ಲ, ಅದಕ್ಕೆ ಕೈಗಳೂ ಬಂದವು. ಪಂಪು ನೋಡಲು ಹೋಗುವ ಮಾತು ಈ ಸಂಭ್ರಮದಲ್ಲಿ ಎಲ್ಲರಿಗೂ ಮರೆತುಹೋಯಿತು. ಅಕ್ಕ ಹಾಕಿದ ಕುರ್ಚಿಯಲ್ಲಿ ಮಧ್ಯಾಹ್ನವೆಲ್ಲ ಬೀದಿಯ ಬೆಕ್ಕು ಮಲಗಿತ್ತು.

ಮೆಕ್ಯಾನಿಕ್‌ಗಳಿಗೆ ಮೀಸಲಿದ್ದ ಹಣ ಸಮೀಕ್ಷೆಗೆ ಹೋಯಿತು. ಕೊರಳಿಗೆ ಕಾರ್ಡು ಹಾಕಿಕೊಂಡ ಸಮೀಕ್ಷೆಯವರು ಅಕ್ಕನ ಬೀದಿಗೂ ಬಂದರು. ಹಿಡಿಯಿಲ್ಲದ ಪಂಪಿನ ಫೋಟೋವನ್ನು ಎಲ್ಲ ಕಡೆಯಿಂದ ತೆಗೆದರು. ಚುಕ್ಕಿ ಕೆಂಪಾಯಿತು. ಬಣ್ಣದಪ್ಪ ಓಡುತ್ತಲೇ ಮನೆಗೆ ಬಂದ.

"ಅಕ್ಕಾ, ಕೆಂಪಾಯ್ತು!"

"ಹೌದಾ? ಮೊದಲು ಹಸಿರು ಅಂದೆ, ಆಮೇಲೆ ಬೂದು ಅಂದೆ, ಈಗ ಕೆಂಪು. ಯಾವ ಬಣ್ಣಕ್ಕೆ ಕಣೋ ನೀರು ಬರೋದು?"

ಕೆಂಪು ಚುಕ್ಕಿಗಳೆಲ್ಲ ಸರದಿಯಲ್ಲಿ ನಿಲ್ಲಬೇಕಿತ್ತು. ಸರದಿ ನಿರ್ಧರಿಸುವ ಸೂತ್ರವೂ ಬಣ್ಣದಪ್ಪನದೇ: ಯಾವ ಪಂಪನ್ನು ಹೆಚ್ಚು ಜನ ಬಳಸುತ್ತಾರೋ ಅದು ಮೊದಲು. ಅಕ್ಕನ ಬೀದಿಯ ಪಂಪನ್ನು ಯಾರೂ ಬಳಸುತ್ತಿರಲಿಲ್ಲ, ಏಕೆಂದರೆ ಅದರಲ್ಲಿ ನೀರಿರಲಿಲ್ಲ. ಯಾರೂ ಬಳಸದ ಪಂಪನ್ನು ಸರಿಮಾಡಿ ಏನು ಪ್ರಯೋಜನ ಎಂದು ಸೂತ್ರ ಅದನ್ನು ಕಟ್ಟಕಡೆಗೆ ತಳ್ಳಿತ್ತು. ಬಣ್ಣದಪ್ಪ ತನ್ನ ಸೂತ್ರವನ್ನು ಹಿಂದೆ ಮುಂದೆ ಪರಿಶೀಲಿಸಿದ. ಒಂದು ತಪ್ಪೂ ಸಿಗಲಿಲ್ಲ. ಆಗ ಮಾತ್ರ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ರಜಾ ದಿನ ಅವನು ಮೆಕ್ಯಾನಿಕ್‌ನ ಶೆಡ್ಡಿಗೆ ಹೋದ. ಹಳೇ ಟೈರುಗಳ ಹಿಂದೆ ಹಿಡಿ ಒರಗಿ ನಿಂತಿತ್ತು. ಬೆಸುಗೆ ಹಾಕಿ ಯಾವುದೋ ಕಾಲವಾಗಿತ್ತು. ಸಂಖ್ಯೆ ಫಳಫಳ ಹೊಳೆಯುತ್ತಿತ್ತು.

"ಆರ್ಡರ್ ತಂದಿದೀರಾ ಸಾರ್?" ಎಂದ ಮೆಕ್ಯಾನಿಕ್.

"ಇಲ್ಲಪ್ಪ."

"ಮತ್ತೆ ಯಾರ ಮಾತಿನ ಮೇಲೆ ಕೊಡ್ಲಿ?"

"ನಮ್ಮಕ್ಕನ ಮಾತಿನ ಮೇಲೆ."

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಇಸ್ತ್ರಿ ಅಕ್ಕನಾ? ಅವರು ನಿಮ್ಮ ಅಕ್ಕನಾ? ಮೊದಲೇ ಹೇಳ್ಬಾರ್ದಾ ಸಾರ್, ದಾರೀಲಿ ಸಿಕ್ಕಿದಾಗೆಲ್ಲಾ ಬೈಸ್ಕೊಂಡು ಸಾಕಾಗಿದೆ. ಹೇಗೆ ಅಂತ ನಾನು ಹೇಳ್ಕೊಡ್ತೀನಿ, ಆದ್ರೆ ಸ್ಪ್ಯಾನರ್ ಮುಟ್ಟೋರು ನೀವು. ನಿಯಮ ನಂಗೆ, ನಿಮಗಲ್ಲ."

ಬಸ್ಸಿನಲ್ಲಿ ಬಣ್ಣದಪ್ಪ ಹಿಡಿಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ಬೀದಿಯಲ್ಲಿ ಮೆಕ್ಯಾನಿಕ್ ದೂರ ನಿಂತು ಹೇಳಿಕೊಡುತ್ತ ಹೋದ, ಎರಡು ಪದವಿಗಳ ಒಡೆಯ ಬೋಲ್ಟನ್ನು ಉಲ್ಟಾ ತಿರುಗಿಸುತ್ತ ಹೋದ. ಭಾವ ಗಿರಾಕಿಯ ಅರ್ಧ ಗಡ್ಡ ಬಿಟ್ಟು ನೋಡಲು ಬಂದ. ಅರ್ಧ ಗಡ್ಡದ ಗಿರಾಕಿಯೂ ಬಂದ. ಕೊನೆಗೆ ಅಕ್ಕ ಎಡಗೈಯಲ್ಲಿ ಹಿಡಿ ಒತ್ತಿದಳು. ಪಂಪು ಕೆಮ್ಮಿತು, ತುಕ್ಕಿನ ನೀರು ಉಗುಳಿತು, ಆಮೇಲೆ ತಿಳಿ ನೀರು ಬಿತ್ತು. ಅಕ್ಕ ಬಕೆಟ್ ಕೆಳಗಿಟ್ಟಳು. ಆ ವಾರ ಹಾಸ್ಟೆಲಿನ ಬಟ್ಟೆ ವಾರ್ಡನ್ ಕೇಳುವ ಮೊದಲೇ ಹೋಯಿತು. ನೋಡಿಟ್ಟಿದ್ದ ಬೇರೆಯವಳ ಮಾತು ಮತ್ತೆ ಬರಲಿಲ್ಲ.

ನಕ್ಷೆಯಲ್ಲಿ ಮಾತ್ರ ಆ ಚುಕ್ಕಿ ಕೆಂಪಾಗಿಯೇ ಉಳಿಯಿತು. ಆರ್ಡರಿಲ್ಲದ ರಿಪೇರಿಯನ್ನು ವ್ಯವಸ್ಥೆ ರಿಪೇರಿ ಎಂದು ಒಪ್ಪುವುದಿಲ್ಲ. ಕೆಲವು ದಿನಗಳ ನಂತರ ಮೇಡಂ ಪರದೆಯ ಮುಂದೆ ನಿಂತು ಅದರ ಮೇಲೆ ಬೆರಳಿಟ್ಟರು.

"ಇದೊಂದು ಕಣ್ಣು ಚುಚ್ಚುತ್ತೆ ಕಣ್ರೀ. ಏನಾದ್ರೂ ಮಾಡಿ."

"ಅಲ್ಲಿ ನೀರು ಬರ್ತಿದೆ ಮೇಡಂ. ಬೆಳಿಗ್ಗೆ ನಾನೇ ಅದರಲ್ಲಿ ಎರಡು ಬಕೆಟ್ ಸ್ನಾನ ಮಾಡಿ ಬಂದೆ."

ಮೇಡಂ ಅವನನ್ನು ಮರುಕದಿಂದ ನೋಡಿದರು.

"ನಿಮ್ಮ ಬಚ್ಚಲಲ್ಲಿ ಬಂದ್ರೆ ಏನು ಬಂತು? ನಕ್ಷೇಲಿ ಬರ್ತಿದ್ಯಾ?"